ಅರ್ಜಿಯ ಲಿಂಗವೂ ಶರಣರ ಲಿಂಗವೂ





ಕನ್ನಡ ನುಡಿಯಲ್ಲಿ 'ಲಿಂಗ' ಎಂಬ ಒಂದೇ ಪದವು ಎರಡು ಎಡೆಗಳಲ್ಲಿ ನಿಂತು ಎರಡು ವಿರುದ್ಧ ಕಾರ್ಯಗಳನ್ನು ಮಾಡುತ್ತಿದೆ. ಪ್ರಾತಃಕಾಲದಲ್ಲಿ ಕರಸ್ಥಲದಲ್ಲಿಟ್ಟು ಅರ್ಚಿಸುವ ಇಷ್ಟಲಿಂಗವು ಗಂಡು-ಹೆಣ್ಣು, ಮೇಲು-ಕೀಳು ಎಂಬ ಭೇದಗಳೆಲ್ಲ ಲಯವಾಗುವ ಸ್ಥಾನ. ಅದೇ ಭಕ್ತರು ಪೂಜೆ ಮುಗಿಸಿ ಕಚೇರಿಗೆ ಹೋದರೆ ಅಥವಾ ಜಾಲತಾಣವೊಂದರಲ್ಲಿ ತಮ್ಮ ಹೆಸರನ್ನು ನೋಂದಾಯಿಸಲು ಕುಳಿತರೆ, ಹೆಸರು, ಜನ್ಮ ದಿನಾಂಕಗಳ ಜೊತೆಗೆ ಮತ್ತೆ 'ಲಿಂಗ' ಎಂಬ ಕಾಲಂ ಎದುರಾಗುತ್ತದೆ. ಇಲ್ಲಿ ಆ ಪದವು ಭೇದವನ್ನು ಅಳಿಸುವುದಿಲ್ಲ, ಭೇದವನ್ನು ಕೇಳುತ್ತದೆ. ಗಂಡೋ ಹೆಣ್ಣೋ, ಎರಡರಲ್ಲಿ ಒಂದನ್ನು ಆರಿಸಬೇಕು. ಪಕ್ಕದಲ್ಲಿ ಕೆಂಪು ಚುಕ್ಕಿ ಇದ್ದರೆ ಆರಿಸದೆ ಮುಂದಕ್ಕೆ ಹೋಗಲು ಯಂತ್ರವು ಬಿಡುವುದಿಲ್ಲ.

ನಮ್ಮಲ್ಲಿ ಬಹುಮಂದಿಗೆ ಇದು ಅರೆಕ್ಷಣದ ಕೆಲಸ. ಆದರೆ ಆ ಎರಡು ಮನೆಗಳಲ್ಲಿ ಯಾವುದೂ ತಮ್ಮದಲ್ಲದವರು ಅಲ್ಲಿ ಏನು ಮಾಡಬೇಕು? ಇದು ಎಲ್ಲಿಯೋ ದೂರದೇಶದ ಪ್ರಶ್ನೆಯೆಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯವರಾದ ನಾವು ಹೇಳುವಂತಿಲ್ಲ.

ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಈ ಸೀಮೆಯ ದಾರಿಗಳೆಲ್ಲ ಸವದತ್ತಿಯ ಯಲ್ಲಮ್ಮನಗುಡ್ಡದ ಕಡೆಗೆ ಮುಖ ಮಾಡುತ್ತವೆ. ಆ ದಾರಿಯಲ್ಲಿ ಸೀರೆಯುಟ್ಟು, ಕೊಡ ಹೊತ್ತು, ಚೌಡಿಕೆಯ ನಾದಕ್ಕೆ ಹೆಜ್ಜೆ ಹಾಕುತ್ತ ನಡೆಯುವ ಜೋಗಪ್ಪಗಳನ್ನು ಕಾಣದವರು ನಮ್ಮಲ್ಲಿ ಯಾರಿದ್ದಾರೆ? ಗಂಡುದೇಹದಲ್ಲಿ ಜನಿಸಿ, ದೇವಿಯ ಕರೆಯೆಂದು ನಂಬಿ, ಹೆಣ್ಣಿನ ಉಡುಗೆಯಲ್ಲಿ ಬಾಳುವವರು ಅವರು. 'ಜೋಗಪ್ಪ' ಎಂಬ ಹೆಸರಿನಲ್ಲಿ ಅಪ್ಪನಿದ್ದಾನೆ; ಎದುರಿಗೆ ಬಂದಾಗ ಜನರು ಕರೆಯುವುದು 'ಅವ್ವ' ಎಂದು. ಈ ಎರಡೂ ಸಂಬೋಧನೆಗಳನ್ನು ಒಬ್ಬರಲ್ಲಿಯೇ ಇರಿಸುವುದು ನಮ್ಮ ಹಳ್ಳಿಗರಿಗೆ ಎಂದೂ ಕಷ್ಟವೆನಿಸಲಿಲ್ಲ. ಗಣಕಯಂತ್ರಕ್ಕೆ ಮಾತ್ರ ಅದು ಕಷ್ಟವಾಗಿದೆ.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಶರಣಧರ್ಮವು ಏಕದೇವನಿಷ್ಠೆಯ ಧರ್ಮ. ದೇವರ ಹೆಸರಿನಲ್ಲಿ ಮಕ್ಕಳಿಗೆ ಮುತ್ತು ಕಟ್ಟುವುದನ್ನು ಅದು ಒಪ್ಪಲಾರದು. ದೇವದಾಸಿ ಪದ್ಧತಿಯನ್ನು ನಮ್ಮ ರಾಜ್ಯದ 1982ರ ಕಾಯ್ದೆಯೂ ನಿಷೇಧಿಸಿತು. ಆದರೆ ಆಚರಣೆಯನ್ನು ಒಪ್ಪದಿರುವುದು ಬೇರೆ, ಮನುಷ್ಯರನ್ನು ಒಪ್ಪದಿರುವುದು ಬೇರೆ. ಜೋಗಪ್ಪನವರು ಹೊತ್ತ ಕೊಡದ ಬಗ್ಗೆ ನಮಗೆ ಭಿನ್ನಾಭಿಪ್ರಾಯವಿರಬಹುದು. ಆ ಕೊಡವನ್ನು ಹೊತ್ತವರ ಘನತೆಯ ಬಗ್ಗೆ ಇರಕೂಡದು.

ಇನ್ನು ಶರಣರ ಮಾತಿಗೆ ಬರೋಣ. ದೇವರ ದಾಸಿಮಯ್ಯನವರ ವಚನವೊಂದು ಎಲ್ಲರಿಗೂ ಪರಿಚಿತವಾದುದು. ಲೋಕವು ದೇಹದ ಮೇಲಿನ ಕುರುಹುಗಳನ್ನು ಹಿಡಿದು ಒಬ್ಬರನ್ನು ಹೆಣ್ಣೆಂದೂ ಮತ್ತೊಬ್ಬರನ್ನು ಗಂಡೆಂದೂ ಕರೆಯುತ್ತದೆ. ಒಳಗಿನ ಚೇತನಕ್ಕೆ ಆ ಎರಡು ಹೆಸರುಗಳೂ ಸಲ್ಲವು ಎಂಬುದು ಅದರ ಭಾವ. ಧೂಪದ ಕಾಯಕದ ಗೊಗ್ಗವ್ವೆಯೂ ಇದೇ ವಿಚಾರವನ್ನು ಎತ್ತಿಕೊಂಡಿದ್ದಾಳೆ. ಆದರೆ ಒಂದು ಸೂಕ್ಷ್ಮ ವ್ಯತ್ಯಾಸವನ್ನು ನಾವಿಲ್ಲಿ ಗಮನಿಸಬೇಕು. ದಾಸಿಮಯ್ಯನವರು ನಿರ್ಣಯವನ್ನು ಹೇಳುತ್ತಾರೆ. ಗೊಗ್ಗವ್ವೆಯು ಅರಿವು ಹೆಣ್ಣೋ ಗಂಡೋ ಎಂದು ತನ್ನ ನಾಸ್ತಿನಾಥನನ್ನು ಕೇಳಿ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಬಿಡುತ್ತಾಳೆ. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ಕಾಯಕಜೀವಿ ಹೆಣ್ಣುಮಗಳು ಉತ್ತರಿಸದೆ ಬಿಟ್ಟ ಪ್ರಶ್ನೆಗೆ ಇಂದಿನ ಯಂತ್ರವು ಅರೆಕ್ಷಣದಲ್ಲಿ ಉತ್ತರ ಬೇಡುತ್ತದೆ!

ಇದು ಒಂದೆರಡು ವಚನಗಳ ಮಾತಲ್ಲ. ಶರಣಸತಿ-ಲಿಂಗಪತಿ ಭಾವದಲ್ಲಿ ಗಂಡುದೇಹದ ಶರಣನೂ ತನ್ನನ್ನು ಸತಿಯೆಂದು ಭಾವಿಸಿಕೊಳ್ಳುತ್ತಾನೆ. ಪಂಚಸೂತಕಗಳನ್ನು ಅಲ್ಲಗಳೆದಾಗ ಶರಣರು ರಜಸ್ಸೂತಕವನ್ನೂ ಅಲ್ಲಗಳೆದರು. ದೇಹದ ಧರ್ಮವು ಲಿಂಗಪೂಜೆಗೆ ಅಡ್ಡಿಯಲ್ಲ ಎಂದು ಸಾರಿದರು. ಗಂಡಿಗೂ ಹೆಣ್ಣಿಗೂ ಅಂಗದ ಮೇಲೆ ಬಂದ ಇಷ್ಟಲಿಂಗವು ಒಂದೇ. ಗಂಡಸಿಗೊಂದು, ಹೆಂಗಸಿಗೊಂದು ಎಂಬ ಲಿಂಗವಿಲ್ಲ.

ಇದನ್ನು ಕೇಳಿದ ಕೆಲವರು, "ಆತ್ಮಕ್ಕೆ ಗಂಡು-ಹೆಣ್ಣಿಲ್ಲವೆಂದ ಮೇಲೆ ಇವರಿಗೆ ಬೇರೊಂದು ಕಾಲಂ ಏಕೆ? ಇದ್ದುದರಲ್ಲಿ ಯಾವುದಾದರೊಂದನ್ನು ಬರೆದರಾಯಿತು" ಎನ್ನುತ್ತಾರೆ. ಮಾತು ವೇದಾಂತದಂತೆ ಕೇಳಿಸುತ್ತದೆ. ಆದರೆ ಅದು ಜಾರಿಕೊಳ್ಳುವ ಮಾತು. ಶರಣರು ಜಾತಿಯಿಲ್ಲವೆಂದದ್ದು ಜಾತಿಯಿಂದ ನೊಂದವರ ಬಾಯಿ ಮುಚ್ಚಿಸುವುದಕ್ಕಲ್ಲ, ಅವರನ್ನು ಪಂಕ್ತಿಯಲ್ಲಿ ಕೂಡಿಸುವುದಕ್ಕೆ. ಆತ್ಮಕ್ಕೆ ಭೇದವಿಲ್ಲ ನಿಜ. ಬಸ್ಸಿಗೆ, ಆಸ್ಪತ್ರೆಗೆ, ಪಿಂಚಣಿಗೆ, ಶೌಚಾಲಯಕ್ಕೆ ಹೋಗುವುದು ದೇಹ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ಮಹಿಳೆಯರೊಂದಿಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ನೀಡಿತು. 2021ರಲ್ಲಿ ನಮ್ಮ ರಾಜ್ಯವು ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ ಶೇ. 1ರಷ್ಟು ಮೀಸಲಾತಿಯನ್ನು ಕಲ್ಪಿಸಿತು. ಇಂಥ ಸೌಲಭ್ಯ ದೊರೆಯಬೇಕಾದರೆ ದಾಖಲೆಯಲ್ಲಿ ಅವರು ಅವರಾಗಿ ಕಾಣಿಸಬೇಕು. ಕಾಲಂ ಇಲ್ಲದಲ್ಲಿ ಹಕ್ಕೂ ಇಲ್ಲ.

ಈ ಕಾಲಂ ಒಂದೇ ದಿನದಲ್ಲಿ ಬಂದುದಲ್ಲ. ಚುನಾವಣಾ ಆಯೋಗವು 2009ರಲ್ಲಿ ಮತದಾರರ ಪಟ್ಟಿಯಲ್ಲಿ 'ಇತರೆ' ಎಂದು ನಮೂದಿಸಲು ಅವಕಾಶವಿತ್ತಿತು. 2011ರ ಜನಗಣತಿಯಲ್ಲಿ ಗಂಡು, ಹೆಣ್ಣುಗಳ ಜೊತೆಗೆ 'ಇತರೆ' ಎಂಬ ಮೂರನೆಯ ಸಂಕೇತವಿತ್ತು. ಆಗ ದೇಶದಲ್ಲಿ 4,87,803 ಜನರೂ ಕರ್ನಾಟಕದಲ್ಲಿ 20,266 ಜನರೂ ಅದರಡಿ ಲೆಕ್ಕಕ್ಕೆ ಬಂದರು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ನಾಲ್ಸಾ ಪ್ರಕರಣದ ತೀರ್ಪಿನಲ್ಲಿ, ಗಂಡು, ಹೆಣ್ಣು ಅಥವಾ ತೃತೀಯ ಲಿಂಗ ಎಂದು ತನ್ನನ್ನು ತಾನೇ ಗುರುತಿಸಿಕೊಳ್ಳುವುದು ವ್ಯಕ್ತಿಯ ಹಕ್ಕೆಂದು ಹೇಳಿತು. ಅದೇ ವರ್ಷದ ಫೆಬ್ರವರಿಯಲ್ಲಿ ಫೇಸ್‌ಬುಕ್ ಸಂಸ್ಥೆಯು ಅಮೆರಿಕದ ಬಳಕೆದಾರರಿಗೆ ಐವತ್ತರಷ್ಟು ಆಯ್ಕೆಗಳನ್ನು ಕೊಟ್ಟಿತ್ತು. ಅಷ್ಟಾದರೂ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲವೆಂಬ ಜನ ಉಳಿದೇ ಉಳಿದರು. ಮರುವರ್ಷ ತಮಗೆ ಬೇಕಾದುದನ್ನು ತಾವೇ ಬರೆದುಕೊಳ್ಳುವ ಖಾಲಿ ಜಾಗವನ್ನು ಬಿಡಬೇಕಾಯಿತು. ಪಟ್ಟಿ ಎಷ್ಟೇ ಉದ್ದವಾದರೂ ಮನುಷ್ಯರು ಅದರಾಚೆಗೆ ಉಳಿಯುತ್ತಾರೆ ಎಂಬ ಪಾಠ ಇದರಲ್ಲಿದೆ.

ಈಗ 'ಇತರೆ' ಎಂಬ ಪದವನ್ನೇ ವಿಚಾರಿಸೋಣ. ಏನೂ ಇಲ್ಲದಿದ್ದುದಕ್ಕಿಂತ ಅದು ಮೇಲು, ಸಂದೇಹವಿಲ್ಲ. ಆದರೂ ಅದು ಮನೆಯ ಒಳಗಿನ ಕೋಣೆಯಲ್ಲ, ಹೊರಗಿನ ಜಗುಲಿ. ಎದುರಿಗೆ ನಿಂತವರನ್ನು ಯಾರವರೆಂದು ಕೇಳದೆ ನಮ್ಮವರೆಂದು ಒಪ್ಪಿಕೊಳ್ಳಬೇಕೆಂದು ಬಸವಣ್ಣನವರು ಕಲಿಸಿದರು. 'ಇತರೆ' ಎಂಬುದು ಬರಮಾಡಿಕೊಂಡೂ ನಮ್ಮವರಲ್ಲವೆಂದು ಹೇಳುವ ಪದ.

ಇದರ ನೋವು ಲಿಂಗಾಯತರಿಗೆ ತಿಳಿಯದುದೇ? ಧರ್ಮದ ಕಾಲಂನಲ್ಲಿ ನಮ್ಮ ಹೆಸರಿಲ್ಲವೆಂಬ ಕೊರಗನ್ನು ನಾವೇ ಎಷ್ಟು ಕಾಲದಿಂದ ಹೊತ್ತಿದ್ದೇವೆ! 2017ರಲ್ಲಿ ಬೀದರ, ಬೆಳಗಾವಿ, ಕಲಬುರ್ಗಿಗಳಲ್ಲಿ ಜನಸಾಗರ ಸೇರಿದ್ದು ಈ ಮನ್ನಣೆಗಾಗಿ. 2018ರ ಮಾರ್ಚ್‌ನಲ್ಲಿ ರಾಜ್ಯ ಸಚಿವ ಸಂಪುಟವು ಕೇಂದ್ರಕ್ಕೆ ಶಿಫಾರಸು ಮಾಡಲು ನಿರ್ಧರಿಸಿದ್ದೂ ಇದನ್ನೇ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಕಾಲದಲ್ಲಿ 'ಇತರೆ' ಎಂಬುದನ್ನು ಆರಿಸಿ ಅದರ ಮುಂದೆ ಏನೆಂದು ಬರೆಸಬೇಕೆಂಬ ಚರ್ಚೆ ಊರೂರಿನ ಕಟ್ಟೆಗಳಲ್ಲಿ ನಡೆಯಿತು. ಬೇರೆಯವರು ಬರೆದಿಟ್ಟ ಪಟ್ಟಿಯಲ್ಲಿ ತನ್ನ ಹೆಸರನ್ನು ಹುಡುಕಿ ಕಾಣದೆ 'ಇತರೆ'ಯ ಮುಂದೆ ಬರೆಯುವ ಅನುಭವವು ನಮ್ಮದು. ಆ ಅನುಭವವುಳ್ಳವರು, ಗಂಡೂ ಅಲ್ಲ ಹೆಣ್ಣೂ ಅಲ್ಲ ಎನ್ನುವ ಒಬ್ಬರು ತಮಗೊಂದು ಸ್ಥಾನ ಕೇಳಿದಾಗ ನಗಬಹುದೇ? ನಮಗೆ ಬೇಕಾದ ನ್ಯಾಯವನ್ನು ಇನ್ನೊಬ್ಬರಿಗೆ ಕೊಡದಿದ್ದರೆ ಅದು ನ್ಯಾಯವಲ್ಲ, ಬರಿಯ ಸ್ವಾರ್ಥ.

ನಮ್ಮ ಸೀಮೆಯಲ್ಲಿ ಇನ್ನೊಂದು ಸಂಗತಿಯಿದೆ. ಹಳ್ಳಿಗಳಲ್ಲಿ ಜಾಲತಾಣದ ಅರ್ಜಿಯನ್ನು ಎಷ್ಟೋ ವೇಳೆ ತುಂಬುವವರು ಅರ್ಜಿದಾರರಲ್ಲ. ಗ್ರಾಮ ಒನ್ ಕೇಂದ್ರದಲ್ಲಿಯೋ ಝೆರಾಕ್ಸ್ ಅಂಗಡಿಯಲ್ಲಿಯೋ ಗಣಕದ ಮುಂದೆ ಕುಳಿತ ಯುವಕನು ಎದುರಿಗಿರುವವರ ಮುಖ ನೋಡಿ ಲಿಂಗದ ಕಾಲಂನಲ್ಲಿ ತಾನೇ ಒಂದು ಗುರುತು ಹಾಕಿಬಿಡುತ್ತಾನೆ. ಅಲ್ಲಿ ಮೂರು ಆಯ್ಕೆಗಳಿದ್ದರೂ ಫಲವಿಲ್ಲ. ಒಮ್ಮೆ ತಪ್ಪಾಗಿ ಬಿದ್ದ ಗುರುತು ಆಧಾರಕ್ಕೂ ಪಡಿತರ ಚೀಟಿಗೂ ಬ್ಯಾಂಕಿನ ಪುಸ್ತಕಕ್ಕೂ ಹೊಂದದೆ, ಅದನ್ನು ತಿದ್ದಿಸಲು ಬೈಲಹೊಂಗಲಕ್ಕೋ ರಾಮದುರ್ಗಕ್ಕೋ ತಿರುಗಿ ತಿರುಗಿ ಕೂಲಿ ಕಳೆದುಕೊಳ್ಳುವವರು ಬಡವರು. ಆದ್ದರಿಂದ ಈ ಕಾಯಕದಲ್ಲಿರುವ ನಮ್ಮ ಯುವಕ ಯುವತಿಯರಿಗೆ ಒಂದು ಮಾತು: ಲಿಂಗದ ಕಾಲಂ ಅನ್ನು ಕೇಳಿ ತುಂಬಬೇಕು, ನೋಡಿ ತುಂಬಬಾರದು. ದೇಹದ ಕುರುಹನ್ನು ನೋಡಿ ಹೆಸರಿಡುವ ಲೋಕವನ್ನೇ ದಾಸಿಮಯ್ಯನವರು ತಿದ್ದಿದ್ದು.

ಭಾಷೆಯ ವಿಷಯವನ್ನೂ ಹೇಳಬೇಕು. ಲಿಂಗದ ಕಾಲಂನಲ್ಲಿ ಹಾಕಿದ ಗುರುತಿನಂತೆ ಯಂತ್ರವು ಮುಂದೆ 'ಶ್ರೀ' ಎಂದೋ 'ಶ್ರೀಮತಿ' ಎಂದೋ ಬರೆಯುತ್ತದೆ. 'ಬರೆದನು', 'ಬರೆದಳು' ಎಂದು ಕ್ರಿಯಾಪದವನ್ನೂ ಬದಲಿಸಬಲ್ಲದು. ಕನ್ನಡದಲ್ಲಿ ಇದು ಕಷ್ಟವೆಂದು ಕೆಲವರು ವಾದಿಸುತ್ತಾರೆ. ವಾಸ್ತವದಲ್ಲಿ ಕನ್ನಡದಷ್ಟು ಸುಲಭ ಬೇರೆಲ್ಲಿ? 'ಅವರು ಬರೆದರು' ಎಂದರೆ ಗಂಡೂ ಆಯಿತು, ಹೆಣ್ಣೂ ಆಯಿತು, ಎರಡೂ ಅಲ್ಲದವರೂ ಆದರು. ಜೊತೆಗೆ ಗೌರವವೂ ಬಂತು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪುಲ್ಲಿಂಗ, ಸ್ತ್ರೀಲಿಂಗಗಳಿಗೆ ನಿಲ್ಲದೆ ಪುಂಸ್ತ್ರೀಲಿಂಗವೆಂಬ ಬಗೆಯನ್ನೂ ಹೇಳಿದ್ದಾನೆ. ಅದು ಪದಗಳ ಲಿಂಗ, ಮನುಷ್ಯರದಲ್ಲ. ಆದರೆ ಎರಡರಾಚೆಗೆ ಎಣಿಸುವುದು ಕನ್ನಡದ ಬುದ್ಧಿಗೆ ಹೊಸದಲ್ಲವೆಂದು ತಿಳಿಯಲು ಅಷ್ಟು ಸಾಕು. ಆದರೆ ಮನುಷ್ಯರನ್ನು 'ಅದು' ಎಂದು ಕರೆಯುವ ಕ್ರೂರ ವಾಡಿಕೆಯೂ ನಮ್ಮಲ್ಲಿದೆ. ವಸ್ತುವಿಗೆ ಹೇಳುವ ಮಾತನ್ನು ಶಿವಚೈತನ್ಯವುಳ್ಳ ಜೀವಕ್ಕೆ ಹೇಳುವುದು ಶಿವನಿಂದೆ.

"ಯಾರು ಬೇಕಾದರೂ ಏನು ಬೇಕಾದರೂ ಬರೆದುಕೊಂಡರೆ ಗತಿಯೇನು? ಸುಳ್ಳು ಹೇಳಿ ಸೌಲಭ್ಯ ಪಡೆಯುವವರಿಲ್ಲವೇ?" ಎಂಬ ಪ್ರಶ್ನೆ ಬರುತ್ತದೆ. ಸರ್ಕಾರದ ಸೌಲಭ್ಯಕ್ಕೆ ಸರ್ಕಾರವು ತನ್ನ ನಿಯಮದಂತೆ ಪರಿಶೀಲಿಸಲಿ. ಆದರೆ ಪುಸ್ತಕ ಕೊಳ್ಳಲು, ಪತ್ರಿಕೆಗೆ ಚಂದಾ ಕಟ್ಟಲು, ಪ್ರವಚನ ಕೇಳಲು ಹೆಸರು ನೋಂದಾಯಿಸುವವರ ಲಿಂಗವನ್ನು ತಿಳಿದು ಆಗಬೇಕಾದುದೇನು? ಅನೇಕ ಜಾಲತಾಣಗಳು ಇದನ್ನು ಕೇಳುವುದು ಅಗತ್ಯದಿಂದಲ್ಲ, ಅಭ್ಯಾಸದಿಂದ. ಇಲ್ಲವೆ ಜಾಹೀರಾತಿನ ಲಾಭಕ್ಕಾಗಿ. ಬೇಡದುದನ್ನು ಕೇಳದಿರುವುದೇ ಮೊದಲ ಸೌಜನ್ಯ.

ಮಂಜಮ್ಮ ಜೋಗತಿಯವರ ಬಾಳು ನಮ್ಮ ಕಣ್ಣೆದುರಿಗಿದೆ. ಬಳ್ಳಾರಿ ಸೀಮೆಯಲ್ಲಿ ಹುಟ್ಟಿ, ಮನೆಯಿಂದ ದೂರವಾಗಿ, ಭಿಕ್ಷೆ ಬೇಡಿ, ಜೋಗತಿ ನೃತ್ಯವನ್ನು ಕಲಿತ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದರು. ಆ ದಿನ ರಾಷ್ಟ್ರಪತಿಗಳ ಎದುರು ತಮ್ಮ ಸೀರೆಯ ಸೆರಗಿನಿಂದ ದೃಷ್ಟಿ ತೆಗೆದು ಹರಸಿದ ಅವರನ್ನು ನಾಡೆಲ್ಲ ಕಂಡು ಹೆಮ್ಮೆಪಟ್ಟಿತು. ಆದರೆ ಪ್ರಶಸ್ತಿ ಬಂದ ಮೇಲೆ ಗೌರವಿಸುವುದು ದೊಡ್ಡದಲ್ಲ. ಯಾವ ಪ್ರಶಸ್ತಿಯೂ ಇಲ್ಲದೆ ಸವದತ್ತಿಯ ಬಸ್ ನಿಲ್ದಾಣದಲ್ಲಿ ನಿಂತಿರುವ ಜೋಗಪ್ಪನವರಿಗೆ, ಊರಿನ ಶಾಲೆಯಲ್ಲಿ ತನ್ನ ಬಗ್ಗೆ ತಾನೇ ತಿಳಿಯದೆ ಮೌನವಾಗಿರುವ ಮಗುವಿಗೆ ನಾವು ಕೊಡುವ ಸ್ಥಾನವೇ ನಮ್ಮ ಧರ್ಮದ ಅಳತೆ.

ಕೊನೆಯದಾಗಿ ಮಠಮಾನ್ಯಗಳ ಮುಂದೆ ಒಂದು ವಿನಂತಿ. ಇಷ್ಟಲಿಂಗ ದೀಕ್ಷೆಗೆ, ಪ್ರಸಾದ ನಿಲಯದ ಪ್ರವೇಶಕ್ಕೆ, ಶಿಬಿರಗಳಿಗೆ ಈಗ ಮಠಗಳೂ ಜಾಲದ ಮೂಲಕ ಹೆಸರು ಪಡೆಯುತ್ತಿವೆ. ಆ ಅರ್ಜಿಗಳಲ್ಲಿ ನಾಲ್ಕು ನಿಯಮಗಳನ್ನು ಪಾಲಿಸೋಣ. ಅಗತ್ಯವಿಲ್ಲದ ಕಡೆ ಲಿಂಗವನ್ನು ಕೇಳುವುದು ಬೇಡ. ದೀಕ್ಷೆಯ ಅರ್ಜಿಗೆ ಅದರ ಅಗತ್ಯವೇ ಇಲ್ಲ. ವಸತಿಯಂಥ ಅಗತ್ಯವಿರುವ ಕಡೆ ಗಂಡು, ಹೆಣ್ಣುಗಳ ಜೊತೆಗೆ ಅವರವರೇ ಬರೆಯುವ ಜಾಗವೊಂದಿರಲಿ, 'ಹೇಳಲು ಇಚ್ಛೆಯಿಲ್ಲ' ಎಂಬುದಕ್ಕೂ ಅವಕಾಶವಿರಲಿ. ಬರೆದುದನ್ನು ಮುಂದೆ ತಿದ್ದಿಕೊಳ್ಳಲು ಸಾಧ್ಯವಾಗಲಿ. ತಿಳಿದುದು ಸಂಬಂಧಪಟ್ಟವರಲ್ಲಿಯೇ ಉಳಿಯಲಿ, ನಾಲ್ಕು ಜನರ ಬಾಯಿಗೆ ಬೀಳದಿರಲಿ. ವಸತಿ ಕೇಳಿ ಬಂದವರಿಗೆ ಅರ್ಜಿಯಲ್ಲಿ ಸ್ಥಾನ ಕೊಟ್ಟು ನಿಲಯದಲ್ಲಿ ಕೋಣೆಯಿಲ್ಲವೆಂದರೆ ಆ ಅರ್ಜಿಯೇ ಸುಳ್ಳಾಗುತ್ತದೆ. ಆದ್ದರಿಂದ ಕಾಗದದಲ್ಲಿ ಬರೆದುದನ್ನು ಕಟ್ಟಡದಲ್ಲಿಯೂ ಮಾಡಿ ತೋರಿಸುವ ಹೊಣೆ ನಮ್ಮದು. ನುಡಿದಂತೆ ನಡೆಯುವುದನ್ನೇ ಅಲ್ಲವೇ ಶರಣರು ಭಕ್ತಿಯೆಂದುದು?

ಅರ್ಜಿಯ ಲಿಂಗವು ಮನುಷ್ಯರನ್ನು ಬೇರ್ಪಡಿಸಿ ಎಣಿಸುತ್ತದೆ. ಆಡಳಿತಕ್ಕೆ ಅದು ಬೇಕಾದೀತು. ಶರಣರ ಲಿಂಗವು ಎಣಿಕೆಗೆ ಸಿಗದವರನ್ನೂ ಕೂಡಿಸಿಕೊಳ್ಳುತ್ತದೆ. ಎರಡನೆಯದನ್ನು ಎದೆಯ ಮೇಲೆ ಧರಿಸಿದವರು ಮೊದಲನೆಯದನ್ನು ತುಂಬಿಸುವಾಗ ಕರುಣೆಯನ್ನು ಮರೆಯದಿರಲಿ.