ಅಂಗಳಕ್ಕೆ ಮರಳಿದ ಅಕ್ಕಿ



ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆಯನ್ನು ನಮ್ಮ ವೇದಿಕೆಗಳಲ್ಲಿ ಅರ್ಧ ಮಾತ್ರ ಹೇಳಲಾಗುತ್ತಿದೆ. ಸ್ವಲ್ಪವೇ ಅಕ್ಕಿಯಲ್ಲಿ ಲಕ್ಷದ ತೊಂಬತ್ತಾರು ಸಾವಿರ ಜಂಗಮರು ಉಂಡರು, ಆದ್ದರಿಂದ ನೀವೂ ಕೊಡಿ, ಶಿವ ಹತ್ತರಷ್ಟು ಕೊಡುತ್ತಾನೆ ಎಂದು ಭಾಷಣ ಮುಗಿಯುತ್ತದೆ. ಅದರ ಬೆನ್ನಿಗೇ ರಸೀದಿ ಪುಸ್ತಕ ಬರುತ್ತದೆ.

ಬಿಟ್ಟುಹೋದ ಅರ್ಧವೇನು? ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಚೆಲ್ಲಿತ್ತು, ಅಷ್ಟನ್ನೂ ಆಯ್ದು ತಂದರು. ಲಕ್ಕಮ್ಮ ಅದನ್ನು ಒಲೆಯ ಹತ್ತಿರಕ್ಕೂ ಸೇರಿಸಲಿಲ್ಲ. ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದರು. ಜಂಗಮರ ಊಟ ಆಮೇಲಿನ ಮಾತು. ನಾಳೆಗೆ ಶಿವನಿದ್ದಾನೆ ಎಂದು ನಿಜವಾಗಿ ನಂಬಿದವರಿಗಷ್ಟೇ ಕೈಗೆ ಬಂದದ್ದನ್ನು ಹಿಂದಿರುಗಿಸುವ ಧೈರ್ಯವಿರುತ್ತದೆ. ಹತ್ತರಷ್ಟು ಬರಲಿ ಎಂದು ಕೊಡುವವನಿಗೆ ನಂಬಿಕೆ ಯಾಕೆ ಬೇಕು? ಅವನಿಗೆ ಪಾಸ್‌ಬುಕ್ ಸಾಕು.

ನಮ್ಮೂರು ಕಡೂರು ತಾಲ್ಲೂಕಿನ ದೇವನೂರು. ಜೈಮಿನಿ ಭಾರತದ ಲಕ್ಷ್ಮೀಶ ಕವಿಯಿಂದ ಹೆಸರಾದ ಊರು. ಮಳೆಯ ವಿಷಯದಲ್ಲಿ ಅಂಥ ಹೆಸರಿಲ್ಲ. ಅವ್ವ ದಿನಾ ಮುದ್ದೆಗೆ ಹಿಟ್ಟು ತೆಗೆಯುವಾಗ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕುತ್ತಿದ್ದಳು, ಜಂಗಮರ ಜೋಳಿಗೆಗೆಂದು. ನಾನು ಇಂಜಿನಿಯರಿಂಗ್ ಓದುತ್ತಿದ್ದಾಗ ಒಂದು ವರ್ಷ ರಾಗಿ ಕೈಕೊಟ್ಟಿತು. ರಜೆಗೆ ಬಂದವನು ದಿನಕ್ಕೊಂದು ಹಿಡಿಯಾದರೆ ವರ್ಷಕ್ಕೆ ಎಷ್ಟು ಸೇರು ಎಂದು ಲೆಕ್ಕ ಹಾಕಿ ತೋರಿಸಿದೆ. "ಅದು ನಮ್ದಲ್ಲ ಕಣೋ ಮಗ, ಆಗ್ಲೇ ಕೊಟ್ಟಾಗೈತೆ. ಕೊಟ್ಟಿದ್ದನ್ನ ಯಾರಾದ್ರೂ ಎಣಿಸ್ತಾರಾ?" ಎಂದಳು. ಆ ವರ್ಷ ಅವಳೇ ಎಷ್ಟೋ ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗಿದ್ದಳು. ಅದನ್ನು ಯಾರೂ ಕಲ್ಲಿನ ಮೇಲೆ ಕೆತ್ತಲಿಲ್ಲ.

ಕೆತ್ತಿದ್ದು ನನ್ನ ಹೆಸರನ್ನು. ಬಡ್ತಿ ಸಿಕ್ಕಿದ ವರ್ಷ ಒಂದು ಮಠಕ್ಕೆ ನೀರಿನ ತೊಟ್ಟಿ ಕಟ್ಟಿಸಿದೆ. ನಕ್ಷೆ ನನ್ನದು, ಮೇಸ್ತ್ರಿಯ ಕೂಲಿ ನನ್ನ ಸಂಬಳದ್ದು. ಸಿಮೆಂಟು, ಕಬ್ಬಿಣವನ್ನು ಮಾತ್ರ ಒಬ್ಬ ಗುತ್ತಿಗೆದಾರ ಕಳಿಸಿದ. "ಮಠದ ಕೆಲಸ ಅಲ್ವಾ ಸಾರ್, ನಮ್ದೂ ಒಂದು ಸೇವೆ ಇರ್ಲಿ" ಎಂದ. ಅವನ ಬಿಲ್ಲು ಆಗ ನನ್ನ ಮೇಜಿನ ಮೇಲಿತ್ತು. ಅಳತೆ ಪುಸ್ತಕಕ್ಕೆ ಸಹಿ ಹಾಕಬೇಕಾದವನು ನಾನೇ. ಆ ಚೀಲಗಳು ಯಾವ ಮೋರಿ, ಯಾವ ಶಾಲೆಯ ಲೆಕ್ಕದಿಂದ ಬಂದವೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಹಿಂದಕ್ಕೆ ಕಳಿಸಬೇಕಾಗುತ್ತಿತ್ತು. ಉದ್ಘಾಟನೆಯ ದಿನ ಶಾಲು ಹೊದಿಸಿದರು. ಅವ್ವ ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳು ತೀರಿಕೊಳ್ಳುವವರೆಗೂ ಈ ವಿಷಯ ಹೇಳಲಿಲ್ಲ.

ಇದನ್ನು ಬರೆಯುತ್ತಿರುವುದು ಪಶ್ಚಾತ್ತಾಪದ ಪ್ರದರ್ಶನಕ್ಕಲ್ಲ. ನನ್ನಂಥವರು ಪ್ರತಿ ಮಠದ ಗೋಡೆಯ ಮೇಲೂ ಇದ್ದಾರೆ. ಲಂಚದ ಹಣ, ಕಳಪೆ ಕಾಮಗಾರಿಯ ಹಣ, ಆಳಿಗೆ ಕೊಡದೆ ಉಳಿಸಿದ ಕೂಲಿ, ಎಲ್ಲವೂ ಮಠದ ಬಾಗಿಲು ದಾಟಿದೊಡನೆ ದಾಸೋಹವಾಗಿಬಿಡುತ್ತದೆ. ಕಾಯಕ ಶುದ್ಧವಿಲ್ಲದೆ ದಾಸೋಹ ಹೇಗಾದೀತು?

ದೊಡ್ಡ ದಾನಿಗಳಿಲ್ಲದೆ ಮಠ ನಡೆಯುವುದು ಹೇಗೆ ಸ್ವಾಮಿ ಎಂದು ಕೇಳುವವರಿದ್ದಾರೆ. ಸಿದ್ಧಗಂಗೆಯನ್ನು ನೋಡಿ. 2019ರ ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಹಳ್ಳಿ ಹಳ್ಳಿ ತಿರುಗಿ ಭಿಕ್ಷೆ ತಂದು ಸಾವಿರಾರು ಮಕ್ಕಳಿಗೆ ಉಣಬಡಿಸಿದರು. ದೊಡ್ಡವರೂ ಕೊಟ್ಟಿರಬಹುದು. ಆದರೆ ರೈತರ ರಾಗಿ, ತೆಂಗಿನಕಾಯಿ, ತರಕಾರಿ ಅಲ್ಲಿಗೆ ಬರುವುದು ನಿಂತಿದ್ದಿಲ್ಲ. ತಟ್ಟೆಯಲ್ಲಿನ ಮುದ್ದೆ ಯಾರ ಹೊಲದ್ದೆಂದು ಉಣ್ಣುವ ಮಗುವಿಗೆ ತಿಳಿಯದು.

ಪೂಜ್ಯರಲ್ಲಿ ಅರಿಕೆ ಇಷ್ಟೆ: ಕೊಡಲು ಬಂದವನನ್ನು ಇದು ಯಾವ ಕಾಯಕದ್ದು ಎಂದು ಕೇಳಿ. ಉತ್ತರ ತಡವರಿಸಿದರೆ ಹಿಂದಕ್ಕೆ ಕಳಿಸಿ. ಹೆಸರು ಕೆತ್ತುವುದನ್ನು ಇವತ್ತೇ ನಿಲ್ಲಿಸಿ. ಇದರಿಂದ ಒಂದೆರಡು ಕಟ್ಟಡ ಅರ್ಧಕ್ಕೆ ನಿಂತರೆ ನಿಲ್ಲಲಿ.

ನಿವೃತ್ತಿಯಾದ ಮೇಲೆ ಆ ಸಿಮೆಂಟು, ಕಬ್ಬಿಣದ ಬೆಲೆಯನ್ನು ಸರ್ಕಾರದ ಖಜಾನೆಗೆ ಕಟ್ಟಿದೆ. ಆಮೇಲೆ ಆ ಮಠಕ್ಕೆ ಹೋಗಿ ತೊಟ್ಟಿಯ ಮೇಲಿನ ನನ್ನ ಹೆಸರನ್ನು ಕೆತ್ತಿ ತೆಗೆಸಿ ಎಂದು ಕೇಳಿಕೊಂಡೆ. "ನಿಮ್ಮದು ತೆಗೆದರೆ ಉಳಿದ ದಾನಿಗಳು ಏನಂದುಕೊಳ್ಳುತ್ತಾರೆ?" ಎಂದರು ವ್ಯವಸ್ಥಾಪಕರು. ಕಳೆದ ತಿಂಗಳು ಹೋದಾಗ ನೋಡಿದೆ, ಅಕ್ಷರಗಳಿಗೆ ಹೊಸ ಬಣ್ಣ ಹಚ್ಚಿಸಿದ್ದಾರೆ.