ಶ್ರುತಿ ಬಿಟ್ಟವರು ಯಾರು?

ಈ ವಾರ ಮೊದಲು ಒಂದು ತಪ್ಪೊಪ್ಪಿಗೆ. ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಹಳೆಯ ಹಿನ್ನೆಲೆ ಗಾಯಕಿಯೊಬ್ಬರ ಬಗ್ಗೆ ಬರೆಯುತ್ತಾ, ಎರಡನೇ ಚರಣದಲ್ಲಿ ವಾದ್ಯಗಳು ಜೋರಾದ ಕೂಡಲೇ ಆಕೆ ಶ್ರುತಿ ಬಿಟ್ಟು ಕೆಳಗಿಳಿಯುತ್ತಾರೆ ಅಂತ ಗೀಚಿಬಿಟ್ಟಿದ್ದೆ. ಪಾಪ, ಆಯಮ್ಮ ಈಗಿಲ್ಲ. ಉತ್ತರ ಕೊಡೋರು ಯಾರು?

ಉತ್ತರ ಬಂತು, ತಿಪಟೂರಿನಿಂದ! ಒಬ್ಬ ಹಿರಿಯರ ಫೋನು. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ಹೆಸರು ಹಾಕಬೇಡಿ ಅಂದಿದ್ದಾರೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಸ್ವಾಮಿ, ಆಯಮ್ಮ ಇಳಿದಾಗ ಪಿಟೀಲಿನವರೂ ಜೊತೇಲೇ ಇಳಿದರಾ?"

ಓದುಗರೇ, ನನಗೆ ಮಾತೇ ಹೊರಡಲಿಲ್ಲ. ಪ್ಲೇಟು ಹಾಕಿ ಕೇಳಿದರೆ ಪಿಟೀಲು, ಕೊಳಲು, ಹಾರ್ಮೋನಿಯಂ, ಎಲ್ಲವೂ ಒಟ್ಟಿಗೆ ಇಳೀತಾ ಇವೆ! ಹಾರ್ಮೋನಿಯಂ ಎಲ್ಲಾದರೂ ಶ್ರುತಿ ಬಿಡುವುದುಂಟೇ?

ಮುಂದಿನ ಭಾನುವಾರ ರಾಯರು ಬಸ್ಸಿಳಿದು ನಮ್ಮ ಮನೆಗೇ ಬಂದರು. ಕೈಯಲ್ಲಿ ಒಂದು ದುಂಡು ಕಾಗದ, ಅದರ ಸುತ್ತ 180 ಕಪ್ಪು ಗೆರೆ. ಪ್ಲೇಟಿನ ನಡುವೆ ಅದನ್ನು ಕೂರಿಸಿ ಟ್ಯೂಬ್‌ಲೈಟು ಹಾಕಿ ಅಂದರು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತ. ಚೋಕ್ ಇರುವ ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತೆ. ತಟ್ಟೆ ನಿಮಿಷಕ್ಕೆ ಸರಿಯಾಗಿ 33⅓ ಸುತ್ತು ಹಾಕಿದರೆ ಗೆರೆಗಳು ನಿಂತಂತೆ ಕಾಣುತ್ತವೆ, ನಿಧಾನವಾದರೆ ಹಿಂದಕ್ಕೆ ಜರುಗುತ್ತವೆ. (ಈಗಿನ ಎಲ್‌ಇಡಿ ಬಲ್ಬಿನ ಕೆಳಗೆ ಈ ಆಟ ನಡೆದೇ ನಡೆಯುತ್ತೆ ಅನ್ನುವ ಖಾತ್ರಿಯಿಲ್ಲ.) ಪಲ್ಲವಿಯಲ್ಲಿ ಗೆರೆಗಳು ಗಪ್ಚಿಪ್. ಎರಡನೇ ಚರಣ ಬಂತು ನೋಡಿ, ಮೆಲ್ಲಗೆ ಹಿಂದಕ್ಕೆ ಹೊರಟವು!

ಆಗೋದು ಇಷ್ಟು. ಪ್ಲೇಟಿನ ಗೀರಿನಲ್ಲಿ ಮುಳ್ಳು ಉಜ್ಜುತ್ತಲೇ ಇರುತ್ತೆ. ಸಂಗೀತ ಜೋರಾದಷ್ಟೂ ಗೀರಿನ ಅಂಕುಡೊಂಕು ಹೆಚ್ಚು, ಮುಳ್ಳು ತಟ್ಟೆಯನ್ನು ಹಿಡಿದೆಳೆಯುವುದೂ ಹೆಚ್ಚು. ಆ ಎಳೆತಕ್ಕೆ ಜಗ್ಗದೆ ತಿರುಗಿಸುವ ಬಲವೇ ಟಾರ್ಕ್. ವೇಗ ನೂರಕ್ಕೆ ಒಂದು ಪಾಲು ತಗ್ಗಿದರೂ ಸ್ವರ ಅರ್ಧ ಸ್ವರದ ಆರನೇ ಒಂದು ಪಾಲಿನಷ್ಟು ಇಳಿಯುತ್ತೆ. ಹಿಡಿದು ನಿಲ್ಲಿಸಿದ ಒಂದೇ ಸ್ವರದಲ್ಲಿ ಕಿವಿಗೆ ಅಷ್ಟು ಸಾಕು. ನನ್ನ ಪ್ಲೇಯರಿನ ಮುಳ್ಳೋ ಐದಾರು ಗ್ರಾಂ ಭಾರ ಹೇರುವ ಹಳೇ ಕಾಲದ್ದು. ಮೋಟಾರಿಗೂ ತಟ್ಟೆಗೂ ನಡುವಿನ ರಬ್ಬರ್ ಚಕ್ರ ಒಣಗಿ ಕಲ್ಲಾಗಿತ್ತು. ಮೋಟಾರಿನಲ್ಲಿ ಬಲವಿದೆ, ಚಕ್ರ ಜಾರುತ್ತೆ, ತಟ್ಟೆಗೆ ತಲುಪೋದಿಲ್ಲ.

"ಹಾಗಾದರೆ ಭಾರಿ ಟಾರ್ಕಿನ ಮೋಟಾರು ತಂದರಾಯ್ತಲ್ಲ ರಾಯರೇ?" ಅಂದೆ. ನಕ್ಕರು. "ಬಲ ಬಂದರೆ ನಡುಕವೂ ಬರುತ್ತೆ ಸ್ವಾಮಿ." ಮೋಟಾರು ಸಣ್ಣ ಸಣ್ಣ ತಳ್ಳುಗಳಲ್ಲಿ ತಿರುಗುತ್ತೆ. ಆ ನಡುಕ ತಟ್ಟೆಗೆ ಹತ್ತಿದರೆ ಮೆಲುದನಿಯ ಆಲಾಪದ ಕೆಳಗೆ ಗುಂಯ್ ಅಂತ ಕೇಳಿಸುತ್ತೆ. ಅದಕ್ಕೇ ಕೆಲವರು ಬೇಕೆಂದೇ ಬಡಕಲು ಮೋಟಾರಿಟ್ಟು, ನಡುವೆ ಬೆಲ್ಟು ಹಾಕಿ, ತಟ್ಟೆಯನ್ನು ಭಾರವಾಗಿ ಮಾಡಿದರು. ಕುಂಬಾರನ ತಿಗರಿ ನೋಡಿಲ್ಲವೇ? ಕೋಲಿನಿಂದ ತಿರುಗಿಸಿ ಬಿಟ್ಟಮೇಲೆ ಅದರ ಭಾರವೇ ಅದನ್ನು ನಡೆಸುತ್ತೆ, ಮಣ್ಣನ್ನು ಕೈಯಲ್ಲಿ ಒತ್ತಿದರೂ ತಟಕ್ಕನೆ ನಿಲ್ಲೋದಿಲ್ಲ.

ಇನ್ನೊಂದು ಪಂಥ ಜಪಾನಿನದು. ಟೆಕ್ನಿಕ್ಸ್ ಕಂಪನಿ ಬೆಲ್ಟು, ಚಕ್ರ ಎರಡನ್ನೂ ಕಿತ್ತುಹಾಕಿ ತಟ್ಟೆಯನ್ನು ನೇರ ಮೋಟಾರಿನ ಮೇಲೇ ಕೂರಿಸಿತು. 1979ರ ಎಸ್‌ಎಲ್-1200 ಎಂಕೆ2 ಮಾದರಿಯ ಟಾರ್ಕ್ 1.5 ಕಿಲೋಗ್ರಾಂ-ಸೆಂಟಿಮೀಟರ್. ಗುಂಡಿ ಒತ್ತಿದ 0.7 ಸೆಕೆಂಡಿಗೆ ಪೂರ್ತಿ ವೇಗ! ಕೈಯಲ್ಲಿ ಪ್ಲೇಟು ಹಿಡಿದು ಬಿಡುವ ಡಿಸ್ಕೋ ಮಂದಿಗೆ ಅದೇ ಬೇಕಾಗಿದ್ದದ್ದು. 2019ರ ಎಂಕೆ7ನಲ್ಲಂತೂ ತಟ್ಟೆಯ ಕೆಳಗೇ ಟಾರ್ಕ್ ಹೆಚ್ಚುಕಡಿಮೆ ಮಾಡುವ ಸಣ್ಣ ಸ್ವಿಚ್ಚುಗಳಿವೆ. ಸ್ನೇಹಿತನೊಬ್ಬನ ಮನೆಯಲ್ಲಿ ಅದನ್ನು ಕೇಳಿದ್ದೇನೆ. ಟಾರ್ಕ್ ಏರಿಸಿದರೆ ತಬಲಾ ಗಟ್ಟಿಯಾಗುತ್ತೆ ಅಂತ ಅವನು ಆಣೆ ಮಾಡುತ್ತಾನೆ. ನನಗೆ ಕಂಡದ್ದು ತಟ್ಟೆ ಎಷ್ಟು ಬೇಗ ಓಟ ಹಿಡಿಯುತ್ತೆ ಅನ್ನುವ ವ್ಯತ್ಯಾಸ ಮಾತ್ರ. ಮುಳ್ಳಿನ ಎಳೆತಕ್ಕಿಂತ ಆ ಮೋಟಾರಿನ ಬಲ ಎಷ್ಟೋ ಪಟ್ಟು, ಮೇಲೆ ವೇಗ ಕಾಯುವ ಎಲೆಕ್ಟ್ರಾನಿಕ್ ಕಾವಲುಗಾರ ಬೇರೆ. ಸ್ವಿಚ್ಚಿನ ಆಟಕ್ಕೆ ಮರುಳಾಗಿ ದುಡ್ಡು ಸುರಿಯುವ ಮೊದಲು ಆ ಕಾಗದದ ಚಕ್ರವೊಂದನ್ನು ಹಾಕಿ ನೋಡಿ ಅನ್ನುತ್ತೇನೆ ನಾನು.

ರಾಯರು ಎಣ್ಣೆ ಬದಲಿಸಿ, ಜೇಬಿನಿಂದಲೇ ಹೊಸ ರಬ್ಬರ್ ಚಕ್ರ ತೆಗೆದು ಹಾಕಿದರು. ಮತ್ತೆ ಅದೇ ಹಾಡು. ಎರಡನೇ ಚರಣ. ವಾದ್ಯಗಳು ಮೇಲೆ ಬಿದ್ದವು. ಗೆರೆಗಳು ನಿಂತಲ್ಲೇ ನಿಂತವು. ಆಯಮ್ಮನೂ ನಿಂತರು, ಮೇಲಿನ ಷಡ್ಜದಲ್ಲಿ, ಕೂದಲೆಳೆಯಷ್ಟೂ ಅಲುಗದೆ. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಇಷ್ಟು ದಿನ ಇದನ್ನೇ ಬಯ್ದಿದ್ದಾ?" ಅಂದಳು.

ತಾಯಿ, ತಪ್ಪಾಯ್ತು.

ಮೆಲುದನಿಯಲ್ಲಿ ಆ ಗುಂಯ್ ಮಾತ್ರ ಇನ್ನೂ ಇದೆ. ಬಸ್ಸು ಹತ್ತುತ್ತಾ ರಾಯರು, "ಅದಕ್ಕೆ ಇನ್ನೊಂದು ಭಾನುವಾರ ಬರ್ತೀನಿ, ಕಾಫಿ ಇಷ್ಟೇ ಸ್ಟ್ರಾಂಗಾಗಿರಲಿ" ಅಂದಿದ್ದಾರೆ.