ಆಟಕ್ಕೆ ತಕ್ಕ ರ‍್ಯಾಕೆಟ್ಟು

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಷಟಲ್ ಬ್ಯಾಡ್ಮಿಂಟನ್ ಆಟದಲ್ಲಿ ಸೋತ ಹುಡುಗನು ತನ್ನ ರ‍್ಯಾಕೆಟ್ಟಿನ ಮೇಲೆ ತಪ್ಪು ಹೊರಿಸಿದೊಡನೆ ಸುತ್ತ ನಿಂತವರು ಈ ಗಾದೆಯನ್ನೇ ನುಡಿದು ನಗುವರು. ಗಾದೆಯೇನೂ ಸುಳ್ಳಲ್ಲ. ಆದರೆ ಒಮ್ಮೊಮ್ಮೆ ನೆಲವು ನಿಜವಾಗಿಯೂ ಡೊಂಕಾಗಿರುವುದುಂಟು. ಅಂಥ ನೆಲದ ಮೇಲೆ ಕುಣಿಯಹೋಗಿ, ಕುಂದೆಲ್ಲ ತಮ್ಮ ಕಾಲಿನದೇ ಎಂದು ತಿಳಿದು, ಕುಣಿತವನ್ನೇ ಬಿಟ್ಟುಬಿಟ್ಟ ಮಕ್ಕಳನ್ನು ನಾವು ಕಂಡಿದ್ದೇವೆ. ಆದುದರಿಂದ ಈ ಸಂಚಿಕೆಯಲ್ಲಿ ರ‍್ಯಾಕೆಟ್ಟಿನ ಆಯ್ಕೆಯನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ. ಆಟಗಾರನು ಮೊದಲು ತನ್ನ ಆಟವನ್ನು ಅರಿಯಬೇಕು. ಬಳಿಕ ಅದಕ್ಕೆ ತಕ್ಕ ರ‍್ಯಾಕೆಟ್ಟನ್ನು ಆರಿಸಬೇಕು. ಬೇರೊಬ್ಬರ ಹೆಸರಿನ ರ‍್ಯಾಕೆಟ್ಟನ್ನು ಕೊಂಡು ಅದಕ್ಕೆ ತನ್ನ ಕೈಯನ್ನು ಒಗ್ಗಿಸಹೋಗುವುದು ಸಲ್ಲದು. ಇದು ನಮ್ಮ ಅಭಿಪ್ರಾಯ.

ಈ ಆಟಕ್ಕೂ ನಾವು ನೆಲೆಸಿರುವ ಪುಣೆ ನಗರಕ್ಕೂ ಹಳೆಯ ನಂಟಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿದ್ದ ಇಂಗ್ಲಿಷ್ ಸೇನಾಧಿಕಾರಿಗಳು ಇದನ್ನು ಬಲು ಮೆಚ್ಚಿ ಆಡುತ್ತಿದ್ದರು. ಆಗ ಇದಕ್ಕೆ 'ಪೂನಾ' ಎಂಬ ಹೆಸರೂ ಇದ್ದಿತು. ಇನ್ನು ನಮ್ಮ ತಾಯ್ನಾಡಿನ ಮಾತೆಂದರೆ, ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದ ಮೊದಲ ಭಾರತೀಯರು ಬೆಂಗಳೂರಿನ ಪ್ರಕಾಶ್ ಪಡುಕೋಣೆಯವರು. ಹೀಗಿರುವಲ್ಲಿ ಪುಣೆಯ ಕನ್ನಡ ಮಕ್ಕಳು ಶಾಲೆಯ ಅಂಗಳದಲ್ಲಿ ಬಲೆ ಕಟ್ಟಿ ಈ ಆಟವನ್ನು ಆಡುವುದು ಎಲ್ಲ ಬಗೆಯಿಂದಲೂ ಒಪ್ಪುವಂತಹುದೇ ಆಗಿದೆ.

ಆದರೆ ಇಂದಿನ ಮಕ್ಕಳ ಕಣ್ಣು ಮೊದಲು ಹರಿಯುವುದು ಹೊಡೆತದ ವೇಗದ ಕಡೆಗೆ. 2023ರ ಏಪ್ರಿಲ್ ತಿಂಗಳಲ್ಲಿ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿಯವರು ಜಪಾನಿನಲ್ಲಿ ನಡೆದ ಪರೀಕ್ಷೆಯೊಂದರಲ್ಲಿ ಗಂಟೆಗೆ 565 ಕಿಲೋಮೀಟರ್ ವೇಗದ ಸ್ಮ್ಯಾಷ್ ಹೊಡೆದು ದಾಖಲೆ ಸ್ಥಾಪಿಸಿದರು. ಅದನ್ನು ಕೇಳಿದ ಹುಡುಗನು ಅಂಥದೇ ರ‍್ಯಾಕೆಟ್ಟು ತನಗೂ ಬೇಕೆಂದು ಮನೆಯಲ್ಲಿ ಹಟ ಹಿಡಿಯುತ್ತಾನೆ. ಆ ವೇಗವು ವರ್ಷಗಟ್ಟಲೆ ಪಳಗಿದ ಕಾಲು, ಹೆಗಲು, ಮುಂಗೈಗಳಿಂದ ಹುಟ್ಟಿತೆಂಬುದು ಅವನಿಗೆ ಹೊಳೆಯುವುದಿಲ್ಲ. ಶ್ರೇಷ್ಠ ಆಟಗಾರರು ಹಿಡಿಯುವ ರ‍್ಯಾಕೆಟ್ಟುಗಳ ಬೆಲೆಯೋ ಹತ್ತು ಸಾವಿರ ರೂಪಾಯಿಗಳನ್ನೂ ಮೀರುವುದುಂಟು. ಕಾರಖಾನೆಯಲ್ಲಿ ಓವರ್‌ಟೈಮ್ ದುಡಿದು ತಂದೆಯು ಕೂಡಿಸಿದ ಹಣವು ಹೀಗೆ ಒಂದು ಹೆಸರಿಗಾಗಿ ವೆಚ್ಚವಾಗುವುದನ್ನು ಕಂಡರೆ ನಮಗೆ ವ್ಯಥೆಯಾಗುತ್ತದೆ.

ಹಾಗಾದರೆ ಆರಿಸುವುದು ಹೇಗೆ? ಮೊದಲು ತೂಕವನ್ನು ನೋಡಬೇಕು. ಹಿಡಿಯ ಮೇಲ್ಭಾಗದಲ್ಲಿ ಅನೇಕ ಕಂಪನಿಗಳು '4ಯು, ಜಿ5' ಎಂಬಂಥ ಗುರುತುಗಳನ್ನು ಮುದ್ರಿಸಿರುತ್ತವೆ. ಸಾಮಾನ್ಯವಾಗಿ 3ಯು ಎಂದರೆ 85ರಿಂದ 89 ಗ್ರಾಂ, 4ಯು ಎಂದರೆ 80ರಿಂದ 84 ಗ್ರಾಂ, 5ಯು ಎಂದರೆ 75ರಿಂದ 79 ಗ್ರಾಂ. ಅಂಕಿ ಏರಿದಂತೆ ತೂಕ ಇಳಿಯುವುದೆಂಬುದನ್ನು ನೆನಪಿಡಿರಿ. ಶಾಲೆಯ ಮಕ್ಕಳಿಗೆ 4ಯು ಅಥವಾ 5ಯು ಸಾಕು. ಐದು ಗ್ರಾಂ ಎಂದರೆ ಏನು ಮಹಾ ಎನ್ನಬೇಡಿರಿ; ಒಂದು ಪಂದ್ಯದಲ್ಲಿ ನೂರಾರು ಸಲ ಬೀಸುವ ಕೈಗೆ ಅದರ ಅರಿವಾಗದಿರದು.

ತೂಕಕ್ಕಿಂತಲೂ ಮುಖ್ಯವಾದುದು ತೂಕದ ಹಂಚಿಕೆ. ರ‍್ಯಾಕೆಟ್ಟಿನ ದಂಡವನ್ನು ತೋರುಬೆರಳಿನ ಮೇಲೆ ಅಡ್ಡಲಾಗಿರಿಸಿ ತಕ್ಕಡಿಯಂತೆ ತೂಗಿಸಿರಿ. ಎರಡು ರ‍್ಯಾಕೆಟ್ಟುಗಳನ್ನು ಹೀಗೆ ಹೋಲಿಸಿದಾಗ, ಯಾವುದು ಚೌಕಟ್ಟಿಗೆ ಹೆಚ್ಚು ಸಮೀಪದಲ್ಲಿ ಸಮತೂಕಕ್ಕೆ ಬರುವುದೋ ಅದರ ತಲೆ ಭಾರ. ತಲೆಭಾರದ ರ‍್ಯಾಕೆಟ್ಟು ಮೇಲಿನಿಂದ ಬೀಸಿ ಹೊಡೆಯುವವನಿಗೆ ಬಲ ಕೊಡುತ್ತದೆ. ಆದರೆ ಒಮ್ಮೆ ಬೀಸಿದ ಮೇಲೆ ಮರಳಿ ಎತ್ತಿ ಸಿದ್ಧವಾಗಲು ತಡವಾಗುತ್ತದೆ. ತಲೆ ಹಗುರವಾದುದು ಬಲೆಯ ಬಳಿ ಚುರುಕಾಗಿ ಆಡುವವನಿಗೂ, ಎದುರಾಳಿಯ ಸ್ಮ್ಯಾಷನ್ನು ತಡೆದು ಹಿಂದಿರುಗಿಸುವವನಿಗೂ ಅನುಕೂಲ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಆಡುವವನಿಗೆ, ಅಂತೆಯೇ ತನ್ನ ಆಟ ಯಾವುದೆಂದು ಇನ್ನೂ ತಿಳಿಯದ ಹೊಸಬನಿಗೆ, ಇವೆರಡರ ನಡುವಣ ಸಮತೂಕದ್ದೇ ಲೇಸು. ಜೋಡಿಯಾಟದಲ್ಲಂತೂ ಒಬ್ಬರ ಅಗತ್ಯವೇ ಇನ್ನೊಬ್ಬರದಲ್ಲ. ಸಾತ್ವಿಕ್‌ಸಾಯಿರಾಜರು ಹೆಚ್ಚಾಗಿ ಹಿಂದಿನಿಂದ ಹೊಡೆದರೆ, ಅವರ ಜೊತೆಗಾರರಾದ ಮುಂಬಯಿಯ ಚಿರಾಗ್ ಶೆಟ್ಟಿಯವರು ಹೆಚ್ಚಾಗಿ ಮುಂದೆ ಬಲೆಯ ಬಳಿ ನಿಂತು ಆಟವನ್ನು ಹೆಣೆಯುತ್ತಾರೆ.

ಇನ್ನು ದಂಡದ ವಿಷಯ. ಕೆಲವು ದಂಡಗಳು ಬಳುಕುತ್ತವೆ, ಕೆಲವು ಸೆಟೆದಿರುತ್ತವೆ. ಬಳುಕುವ ದಂಡವು ನಿಧಾನವಾಗಿ ಬೀಸುವ ಕೈಗೂ ಒತ್ತಾಸೆಯಾಗಿ ಷಟಲನ್ನು ದೂರ ಕಳುಹಿಸುತ್ತದೆ. ಸೆಟೆದ ದಂಡವು ಗುರಿಯನ್ನು ಕೊಡುತ್ತದೆ ನಿಜ; ಆದರೆ ಬೀಸಿನಲ್ಲಿ ವೇಗವಿದ್ದವನಿಗೆ ಮಾತ್ರ ಅದು ಒಲಿಯುತ್ತದೆ. ಗಟ್ಟಿಂಗಿನ ನಿಯಮವೂ ಇದೇ. ಬಿಗಿಯಾಗಿ ಹೆಣೆಸಿದರೆ ಷಟಲ್ ಹೆಚ್ಚು ದೂರ ಹೋಗುವುದೆಂದು ಬಹುಮಂದಿ ತಿಳಿದಿದ್ದಾರೆ. ಅದು ತಪ್ಪು. ಸಡಿಲವಾದ ಹೆಣಿಗೆಯೇ ಷಟಲನ್ನು ಚಿಮ್ಮಿಸುವುದು. ಬಿಗಿಯಾದುದು ಹೊಡೆತಕ್ಕೆ ಹತೋಟಿಯನ್ನು ಕೊಟ್ಟು, ಬಲವನ್ನು ಆಟಗಾರನಿಂದಲೇ ಕೇಳುತ್ತದೆ. ಕಲಿಯುವವರಿಗೆ 20ರಿಂದ 22 ಪೌಂಡು ಸಾಕು. ಹಿಡಿಯನ್ನು ಸಡಿಲವಾಗಿ ಹಿಡಿದಾಗ ಬೆರಳ ತುದಿಗಳಿಗೂ ಅಂಗೈಗೂ ನಡುವೆ ಕಿರುಬೆರಳಿನಷ್ಟು ಎಡೆಯಿರಬೇಕು. ತೆಳ್ಳಗಿನ ಹಿಡಿಗೆ ಪಟ್ಟಿ ಸುತ್ತಿ ದಪ್ಪ ಮಾಡಬಹುದು. ದಪ್ಪನೆಯದನ್ನು ತೆಳ್ಳಗೆ ಮಾಡುವುದು ಸುಲಭವಲ್ಲ.

ನಮ್ಮ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಣ್ಣನ ತಲೆಭಾರದ ರ‍್ಯಾಕೆಟ್ಟಿನಲ್ಲಿ ಆಡುತ್ತಿದ್ದಳು. ಅವಳು ಎಷ್ಟು ಬೀಸಿದರೂ ಷಟಲ್ ಅಂಗಳದ ನಡುವೆಯೇ ಬೀಳುತ್ತಿತ್ತು. "ನಿನ್ನಲ್ಲಿ ಕಸುವಿಲ್ಲ" ಎಂದು ಗೆಳತಿಯರು ಹೇಳಿದರು. ಅವಳೂ ಅದನ್ನು ನಂಬಿದಳು. ಒಂದು ದಿನ ಸಂಗಡಿಗಳೊಬ್ಬಳ ಹಗುರವಾದ, ಬಳುಕುವ ದಂಡದ ರ‍್ಯಾಕೆಟ್ಟನ್ನು ಅವಳ ಕೈಗೆ ಕೊಡಿಸಿದೆವು. ವಾರವೊಂದು ಕಳೆಯುವಷ್ಟರಲ್ಲಿ ಅವಳ ಷಟಲ್ ಹಿಂದಿನ ಗೆರೆಯ ಬಳಿಗೆ ತಲುಪತೊಡಗಿತು. ಆ ರ‍್ಯಾಕೆಟ್ಟಿನ ಬೆಲೆ ಅಣ್ಣನದರ ಅರ್ಧಕ್ಕಿಂತಲೂ ಕಡಿಮೆ. ಕಸುವು ಅವಳಲ್ಲಿ ಇದ್ದೇ ಇತ್ತು. ಹೊರಬರಲು ದಾರಿಯಿರಲಿಲ್ಲ, ಅಷ್ಟೆ.

"ಹೊಡೆಯಲಾರದವನಿಗೆ ಆಟವೇಕೆ?" ಎಂದು ಕೇಳುವವರುಂಟು. ಅವರಿಗೆ 1980ರ ಆಲ್ ಇಂಗ್ಲೆಂಡ್ ಅಂತಿಮ ಪಂದ್ಯವೇ ಉತ್ತರ. ಪ್ರಕಾಶರ ಎದುರಾಳಿ ಇಂಡೋನೇಷ್ಯದ ಲಿಯೆಮ್ ಸ್ವಿ ಕಿಂಗ್. ಹಿಂದಿನ ಎರಡು ವರ್ಷಗಳಲ್ಲಿಯೂ ಪ್ರಶಸ್ತಿಯನ್ನು ಗೆದ್ದವರು. ನೆಗೆದು ಹೊಡೆಯುವ ಸ್ಮ್ಯಾಷಿಗೆ ಲೋಕಪ್ರಸಿದ್ಧರು. ಬಲಕ್ಕೆ ಬಲವನ್ನು ಒಡ್ಡದೆ, ನಯವಾದ ಡ್ರಾಪುಗಳಿಂದಲೂ, ಎದುರಾಳಿಯನ್ನು ಬೇಸ್ತುಗೊಳಿಸುವ ಮಣಿಕಟ್ಟಿನ ಚಾತುರ್ಯದಿಂದಲೂ ಆಡಿ ಪ್ರಕಾಶರು 15–3, 15–10ರಿಂದ ಗೆದ್ದರು. ಆಟಕ್ಕೆ ಒಂದೇ ದಾರಿಯಿಲ್ಲ. ತನ್ನ ದಾರಿಯನ್ನು ಅರಿತವನಿಗೆ ಇನ್ನೊಬ್ಬನ ಆಯುಧದ ಮೇಲೆ ಆಸೆಯೂ ಹುಟ್ಟದು.

ಆದರೆ ಬಡ ಮನೆಯ ಮಗುವು ನಾಲ್ಕು ಬಗೆಯ ರ‍್ಯಾಕೆಟ್ಟುಗಳನ್ನು ಹಿಡಿದು ನೋಡುವುದೆಲ್ಲಿ? ಅಂಗಡಿಯಲ್ಲಿ ಬೀಸಿ ನೋಡಬಹುದೇ ಹೊರತು ಆಡಿ ನೋಡಲಾಗದು. ಈ ಕೆಲಸ ಶಾಲೆಯದು. ಒಂದೇ ಬಗೆಯ ಹತ್ತು ರ‍್ಯಾಕೆಟ್ಟುಗಳನ್ನು ಕೊಳ್ಳುವ ಬದಲು ಶಾಲೆಗಳು ತೂಕದಲ್ಲಿಯೂ ಹಂಚಿಕೆಯಲ್ಲಿಯೂ ಬೇರೆ ಬೇರೆಯಾದ ಐದಾರನ್ನು ಕೊಂಡಿರಿಸಲಿ. ಮಕ್ಕಳು ಸರದಿಯಂತೆ ಒಂದೊಂದರಲ್ಲಿ ಹದಿನೈದು ದಿನ ಆಡಿ ತಮಗೊಗ್ಗುವುದನ್ನು ಕಂಡುಕೊಳ್ಳಲಿ. ವಾಚನಾಲಯದಲ್ಲಿ ಪುಸ್ತಕವನ್ನು ಎರವಲು ಕೊಡುವ ನಾವು ರ‍್ಯಾಕೆಟ್ಟನ್ನು ಕೊಡಲು ಏಕೆ ಹಿಂಜರಿಯಬೇಕು? ಶಾಲೆ ಬಿಟ್ಟುಹೋಗುವ ಹಿರಿಯ ವಿದ್ಯಾರ್ಥಿಗಳು ತಮ್ಮ ಹಳೆಯ ರ‍್ಯಾಕೆಟ್ಟುಗಳನ್ನು ಶಾಲೆಗೆ ಕೊಟ್ಟರೆ ಈ ಸಂಗ್ರಹ ತಾನಾಗಿಯೇ ಬೆಳೆದೀತು.

ವಿದ್ಯಾರ್ಥಿಗಳೇ, ಕೊಳ್ಳುವ ಮುನ್ನ ಗೆಳೆಯರವು ಎರಡು ಮೂರನ್ನು ಕೇಳಿ ಪಡೆದು ಆಡಿ ನೋಡಿರಿ. ನಮ್ಮ ತೆರೆದ ಅಂಗಳದಲ್ಲಿ ಗಾಳಿಯೂ ಆಟವಾಡುವುದರಿಂದ, ಗಾಳಿಯಿಲ್ಲದ ಬೆಳಗಿನ ಹೊತ್ತಿನಲ್ಲಿಯೇ ಪರೀಕ್ಷಿಸಿರಿ. ಆಡಿದ ಮರುದಿನ ಹೆಗಲಾಗಲಿ ಮೊಣಕೈಯಾಗಲಿ ನೋಯುತ್ತಿದ್ದರೆ ನಾಚದೆ ಹೇಳಿರಿ. ಹೀಗೆಲ್ಲ ಆರಿಸಿಕೊಂಡ ಬಳಿಕವೂ ಸೋತರೆ, ಆಗ ಮಾತ್ರ ಆ ಗಾದೆಯನ್ನು ನಿಮಗೆ ನೀವೇ ಹೇಳಿಕೊಂಡು ಅಭ್ಯಾಸಕ್ಕೆ ಇಳಿಯಿರಿ. ಕೈಗೆ ಒಗ್ಗುವ ರ‍್ಯಾಕೆಟ್ಟನ್ನು ಶಾಲೆಯೂ ಮನೆಯೂ ಒದಗಿಸಿಕೊಡಬಹುದು; ಅದನ್ನು ಹಿಡಿದು ದುಡಿಯುವುದು ಮಾತ್ರ ನಿಮ್ಮ ಪಾಲಿನದು.